ಬಾರಿಕಂಟಿ ಇದ್ದ ಜಾಗ

ಆ ಭಾನುವಾರ ಬೆಳಿಗ್ಗೆ ಬೆಟಗೇರಿಯ ನಮ್ಮ ಬಡಾವಣೆಯ ಕೊನೆಯ ಮನೆ ದಾಟಿ ತಿರುವಿನಲ್ಲಿ ನಿಂತಾಗ, ದಾರಿ ತಪ್ಪಿದೆವು ಅಂದುಕೊಂಡೆ. ದಿನಾ ಓಡಾಡುವ ದಾರಿ ತಪ್ಪುವುದಾದರೂ ಹೇಗೆ? ಆದರೂ ಹಾಗೇ ಅನ್ನಿಸಿತು. ಎದುರಿಗೆ ಮುಳ್ಳುಕಂಟಿಗಳು ಇರಬೇಕಿತ್ತು, ಇರಲಿಲ್ಲ. ಈಗಷ್ಟೇ ಬಾಚಿದ ತಲೆಯ ಹಾಗೆ ಕೆಂಪು ನೆಲ ಗೆರೆಗೆರೆಯಾಗಿ ಬಿದ್ದಿತ್ತು. ನನ್ನ ಬೆನ್ನ ಹಿಂದೆ ಇಪ್ಪತ್ತು ಜನ ನಿಂತಿದ್ದರು. ಅವರೆಲ್ಲ ಆ ಕಂಟಿಗಳನ್ನು ನೋಡಲೆಂದೇ ಬಂದವರು.

ನಾನು ಗದಗಿನ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ದಿನವಿಡೀ ಅಕ್ಷರ ನೋಡಿ ನೋಡಿ ಕಣ್ಣು ಸೋತಾಗ, ದೂರದ್ದನ್ನು ನೋಡುವ ರೂಢಿ ಮಾಡಿಕೊಳ್ಳಿ ಎಂದರು ಡಾಕ್ಟರು. ಹಾಗೆ ಶುರುವಾದದ್ದು ಈ ಹುಚ್ಚು. ಲಕ್ಷ್ಮೇಶ್ವರದ ಒಬ್ಬ ನಿವೃತ್ತ ಮಾಸ್ತರರು ತಿಂಗಳಿಗೊಂದು ಭಾನುವಾರ ಆಸಕ್ತರನ್ನು ಕಟ್ಟಿಕೊಂಡು ಕೆರೆದಂಡೆ, ಗುಡ್ಡದ ಮಗ್ಗುಲು ಸುತ್ತಿಸಿ ಗಿಡ, ಹಕ್ಕಿ, ಹುಳ ತೋರಿಸುತ್ತಾರೆ. ಅವರ ಹಿಂದೆ ಮಾಗಡಿ ಕೆರೆಗೆ ಹೋದೆ, ಮುಂಡರಗಿ ಕಡೆಯಿಂದ ಕಪ್ಪತಗುಡ್ಡಕ್ಕೂ ಹೋದೆ. ಕೊನೆಗೆ ನಮ್ಮ ಮನೆಯ ಹಿಂದಿನ ಜಾಗವನ್ನೇ ನಾನು ಸರಿಯಾಗಿ ನೋಡಿಲ್ಲ ಎಂಬುದು ಹೊಳೆಯಿತು.

ಬಡಾವಣೆಗೂ ರೈಲು ಹಳಿಗೂ ನಡುವೆ ಉಳಿದ ಎರಡು ಎಕರೆ ಕುರುಚಲು ಅದು. ಬೋರೆಹಣ್ಣು ಬಿಡುವ ಬಾರಿಕಂಟಿ, ಕವಳಿಕಂಟಿ, ಕಳ್ಳಿ, ಮೊಣಕಾಲು ಮುಳುಗುವ ಹುಲ್ಲು. ಯಾರೋ ದೂರದ ಊರಿನವರ ಸ್ವತ್ತು. ಸುತ್ತಲಿನವರ ಬಾಯಲ್ಲಿ ‘ಹಾಳ ಜಾಗಾ’. ಆ ಮಳೆಗಾಲದ ಕೊನೆಯಲ್ಲಿ, ನಟ್ಟನಡುವಿನ ದೊಡ್ಡ ಬಾರಿಕಂಟಿಯ ಬುಡದಲ್ಲಿ ಒಂದು ಗೌಜಲಕ್ಕಿ ಕಾವಿಗೆ ಕೂತದ್ದು ನನ್ನ ಕಣ್ಣಿಗೆ ಬಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಹೋಗಿದ್ದರೂ ಅದು ಏಳಲಿಲ್ಲ. ನನ್ನನ್ನೇ ನೋಡುತ್ತ ಕೂತಿತ್ತು. ಮಾಸ್ತರರಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ, ತತ್ತಿ ಎತ್ತಿಕೊಂಡು ಹೋಗುವವರಿಗೇನು ಬರವೇ?

ಆ ತಿಂಗಳ ನಡಿಗೆ ನಮ್ಮಲ್ಲೇ ಎಂದು ನಿಗದಿಯಾಯಿತು. ನನಗೆ ಮಾತ್ರ ಇಪ್ಪತ್ತು ಜನರಿಗಿಂತ ಒಬ್ಬರದೇ ಧ್ಯಾನ. ಅವರು ನಮ್ಮ ಮಾವ.

ಮಾವ ಹಮ್ಮಿಗಿ ಕಡೆಯ ಒಕ್ಕಲುತನದವರು. ಹೊಳೆದಂಡೆಯ ಹೊಲ ಹಿನ್ನೀರಿಗೆ ಹೋದಮೇಲೆ ನಮ್ಮ ಜೊತೆ ಇರಲು ಬಂದರು. ಪರಿಹಾರದ ಬಗ್ಗೆ ಅವರು ಒಂದು ದಿನವೂ ಗೊಣಗಿದ್ದಿಲ್ಲ. ಆದರೆ ಕೈ ಸುಮ್ಮನಿರಬೇಕಲ್ಲ! ಅಂಗಳದ ಫರಸಿಯ ಸಂದಿಯಲ್ಲಿ ಹುಲ್ಲಿನ ಎಸಳು ಇಣುಕಿದರೆ ಕುಕ್ಕರಗಾಲಲ್ಲಿ ಕೂತು ಕೀಳುವರು. ನಮ್ಮದಾದ ಮೇಲೆ ಪಕ್ಕದ ಮನೆಯದು, ಅದಾದ ಮೇಲೆ ಇಡೀ ಓಣಿಯದು. ಗಣಪತಿ ಹಬ್ಬಕ್ಕೆ ಗರಿಕೆ ಬೇಕಾದರೆ ನಾವು ಬೇರೆ ಓಣಿಗೆ ಹೋಗಬೇಕು. ನಾನು ಬೂಟು ಹಾಕಿಕೊಂಡು ಹೊರಟರೆ ಸಾಕು, “ಎಲ್ಲಿ ಹೊಂಟಿಯವಾ, ಗುಬ್ಬಿ ಎಣಸಾಕ?” ಎಂದು ಕಾಲೆಳೆಯುವರು. ನಾನು ನಗುತ್ತಿದ್ದೆ. ಒಳಗೊಳಗೆ ಬೇಜಾರೂ ಆಗುತ್ತಿತ್ತು. ನೆಲದ ಜೊತೆ ಅಷ್ಟು ವರ್ಷ ಬಾಳಿದ ಮನುಷ್ಯ ಒಮ್ಮೆಯಾದರೂ ನನ್ನ ಜೊತೆ ಬಂದು, ನಾನು ಕಂಡದ್ದನ್ನು ಕಾಣಲಿ ಎಂಬ ಆಸೆ ನನಗೆ ಬಹಳ ಇತ್ತು.

ಹಿಂದಿನ ವಾರ ಅಂಗಳದಲ್ಲಿ ನಿಂತು ಮಾಸ್ತರರಿಗೆ ಫೋನು ಮಾಡಿದ್ದೆ. “ಮುಳ್ಳ ಬಾಳ ಅದಾವ್ರಿ ಸರ್. ಎಲ್ಲಾರಿಗೂ ಗಟ್ಟಿ ಬೂಟ ಹಾಕ್ಕೊಂಡ ಬರಾಕ ಹೇಳ್ರಿ” ಎಂದೆ. ಕಟ್ಟೆಯ ಮೇಲೆ ಕೂತಿದ್ದ ಮಾವ ಕೇಳಿಸಿಕೊಂಡರು.

“ಮಂದಿ ಎಲ್ಲಿಂದೆಲ್ಲಾ ಬರ್ತಾರವಾ?”

“ಲಕ್ಷ್ಮೇಶ್ವರ, ಮುಂಡರಗಿ, ಎಲ್ಲಾ ಕಡಿಂದ ಬರ್ತಾರ್ರಿ ಮಾವಾರ.”

“ಅಷ್ಟ ದೂರದಿಂದ ನಿನ್ನ ಮಾತ ನಂಬಿ ಬರ್ತಾರ ಅಂದ್ರ ನಾನೂ ಬರ್ತೀನಿ ಬಿಡು.”

ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಮರುದಿನ ಪ್ರೆಸ್ಸಿನಲ್ಲಿ ಒಂದು ಲಗ್ನಪತ್ರಿಕೆಯಲ್ಲಿ ಮದುಮಗನ ಹೆಸರೇ ತಪ್ಪಾಗಿದ್ದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಶುಕ್ರವಾರ ತಂಗಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆಂದು ಶಿರಹಟ್ಟಿಗೆ ಹೋದೆ. ಶನಿವಾರ ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಮಾವ ಆಗಲೇ ಉಂಡು ಮಲಗಿದ್ದರು. ಗಂಡ ಮುಖ ತುಂಬ ನಗು ಇಟ್ಟುಕೊಂಡು, “ನಾಳಿ ನೋಡೀಯಂತ” ಎಂದಷ್ಟೇ ಹೇಳಿದ.

ನಾಳೆ ಬಂತು, ನೋಡಿದೆ.

ಮಾವ ಇಸ್ತ್ರಿ ಮಾಡಿದ ಧೋತರ ಉಟ್ಟು, ಲಗ್ನಕ್ಕೆ ಸುತ್ತುವ ರುಮಾಲು ಸುತ್ತಿ, ಆ ಬಟಾಬಯಲಿನ ಬಾಯಲ್ಲಿ ನಿಂತಿದ್ದರು. ಪಕ್ಕದಲ್ಲಿ ಚಾಪೆ ಹಾಸಿ ನೀರಿನ ಕೊಡ ಇಟ್ಟಿದ್ದರು. ಮೂಲೆಯಲ್ಲಿ ಕಂಟಿಗಳ ರಾಶಿ ಆಳೆತ್ತರ ಬಿದ್ದಿತ್ತು, ಎಲೆಗಳು ಇನ್ನೂ ಪೂರ್ತಿ ಬಾಡಿರಲಿಲ್ಲ.

“ಬರ್ರಿ, ಬರ್ರಿ. ಬೂಟ ಬಿಟ್ಟ ನಡದ್ರೂ ಒಂದ ಮುಳ್ಳ ಚುಚ್ಚಂಗಿಲ್ಲ” ಎಂದು ಎರಡೂ ಕೈ ಮುಗಿದರು.

ಮುಂಡರಗಿಯಿಂದ ಬಂದಿದ್ದ ಹುಡುಗಿಯೊಬ್ಬಳು ದುರ್ಬೀನು ಕಣ್ಣಿಗೆ ಏರಿಸಿದವಳು ನಿಧಾನಕ್ಕೆ ಇಳಿಸಿದಳು. ನನಗೆ ಕೂಗಬೇಕು ಅನ್ನಿಸಿತು. ಮಾವ ಮಾತ್ರ ನನ್ನ ಮುಖವನ್ನೇ ನೋಡುತ್ತ ಕೆಲಸದ ಕಥೆ ಹೇಳತೊಡಗಿದರು. ಜಾಗದ ಮಾಲಕನಿಗೆ ಫೋನು ಹಚ್ಚಿಸಿ ಕೇಳಿದರಂತೆ, ಆತ ಪುಣ್ಯ ಬರಲಿ ನಿಮಗೆ ಅಂದನಂತೆ. ಎರಡು ದಿನ ಆಳು ಹಚ್ಚಿ, ಕಂಟಿಗಳಿಗೆ ಸರಪಳಿ ಬಿಗಿದು ಟ್ರ್ಯಾಕ್ಟರಿನಿಂದ ಎಳೆಸಿ, ಮೇಲೆ ನೆಲ ಹಸನು ಮಾಡುವ ಕುಂಟಿ ಹೊಡೆಸಿದರಂತೆ.

“ಬರೇ ಕಡದ್ರ ಉಪಯೋಗಿಲ್ಲವಾ. ಬುಡಸಮೇತ ಕಿತ್ತೀನಿ. ಮತ್ತ ಚಿಗಿಯಂಗಿಲ್ಲ. ಮಸಾರಿ ನೆಲ ನೋಡು, ಎಷ್ಟ ಹಸನ ಬಂದೈತಿ!”

ಎಷ್ಟೋ ವರ್ಷಗಳ ಮೇಲೆ ಅವರ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಅವನ್ನು ನೋಡಿದ ಮೇಲೆ ನನ್ನ ಸಿಟ್ಟಿಗೆ ಹೋಗಲು ಜಾಗವೇ ಇಲ್ಲವಾಯಿತು. ಸೊಸೆಯ ಮಂದಿ ಬರುತ್ತಾರೆ, ಅವರ ಕಾಲಿಗೆ ಮುಳ್ಳು ನೆಟ್ಟರೆ ಮನೆತನದ ಮರ್ಯಾದೆ ಏನಾದೀತು ಎಂದು ದುಡಿದ ಮನುಷ್ಯನಿಗೆ ಏನೆಂದು ಹೇಳುವುದು? ಒಕ್ಕಲುತನದ ಮನೆಯಲ್ಲಿ ಪ್ರೀತಿಗೆ ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ ಎಂಬುದು ನನಗೂ ಗೊತ್ತಿತ್ತು. ಕಾಲು ತಾನಾಗಿ ನಡುವಿನ ಜಾಗಕ್ಕೆ ಹೋಯಿತು. ದೊಡ್ಡ ಬಾರಿಕಂಟಿ ಇದ್ದಲ್ಲಿ ಕುಂಟಿಯ ಗೆರೆ ನೆಟ್ಟಗೆ ಹಾದುಹೋಗಿತ್ತು.

“ಇಲ್ಲೊಂದು ಹಕ್ಕಿ ಇತ್ತಲ್ರಿ ಮಾವಾರ” ಎಂದೆ.

“ಗೌಜಲಕ್ಕಿ. ಹಾರಿ ಹೋತು. ತತ್ತಿ ಏನೂ ಆಗಿಲ್ಲ, ಗಾಬರಿ ಆಗಬ್ಯಾಡ. ಟ್ರ್ಯಾಕ್ಟರ್ ನಿಂದ್ರಿಸಿ ರುಮಾಲದಾಗ ಕಟಗೊಂಡ ಹೋದೆ. ಹಿಂದಿನ ಮನ್ಯಾಗ ಕೋಳಿ ಕಾವಿಗೆ ಕುಂತೈತಿ, ಅದರ ಕೆಳಗ ಇಟ್ಟ ಬಂದೀನಿ. ಮರಿ ಆಗ್ತಾವ.”

ಗುಂಪಿನಲ್ಲಿ ಯಾರೋ ಉಸಿರು ಬಿಟ್ಟದ್ದು ಕೇಳಿಸಿತು. ನನಗೂ ಒಂದು ಗಳಿಗೆ ಸಮಾಧಾನವಾಯಿತು. ಅಷ್ಟರಲ್ಲಿ ಮಾಸ್ತರರು ಮಾವನ ಹತ್ತಿರ ಬಂದರು. ಅವರ ಮಾತಿನಲ್ಲಿ ಕೊಂಕು ಇರಲಿಲ್ಲ, ತಿಳಿಯಬೇಕೆಂದೇ ಕೇಳಿದರು.

“ಚಲೋ ಆತ್ರಿ ಯಜಮಾನ್ರ. ಮರಿ ಆದಮ್ಯಾಲ ಎಲ್ಲಿ ಬಿಡ್ತೀರಿ?”

“ಎಲ್ಲಿ ಅಂದ್ರ?” ಮಾವ ನಕ್ಕರು. “ಇಲ್ಲೇ...” ಎಂದು ಕೈ ಎತ್ತಿ ತೋರಿಸಲು ಹೋದರು.

ಕೈ ಅರ್ಧಕ್ಕೆ ನಿಂತಿತು. ಅವರು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ರೈಲು ಹಳಿಯವರೆಗೆ ಒಂದು ಮರಿ ಅಡಗುವಷ್ಟು ನೆರಳು ಎಲ್ಲಿಯೂ ಇರಲಿಲ್ಲ. ಮೇಲೆ ಹದ್ದೊಂದು ಆಗಲೇ ಸುತ್ತು ಹಾಕುತ್ತಿತ್ತು. ಮಾವನ ಮುಖದ ನಗು ಇಳಿಯಿತು. ನಾನು ಕಂಡದ್ದನ್ನು ಅವರೂ ಕಾಣಲಿ ಎಂದು ಎಷ್ಟು ಹಂಬಲಿಸಿದ್ದೆ. ಕಂಡರು. ಹೀಗೆ ಕಾಣಬೇಕೆಂದು ನಾನು ಬಯಸಿರಲಿಲ್ಲ.

ಅವರು ಮೂಲೆಯ ರಾಶಿಗೆ ಹೋದರು. ಬರಿಗೈಯಲ್ಲೇ ಒಂದು ಬಾರಿಕಂಟಿ ಹಿರಿದರು. ಇಸ್ತ್ರಿಯ ಧೋತರ ಮುಳ್ಳಿಗೆ ಸಿಕ್ಕು ಪರ್ರೆಂದು ಹರಿಯಿತು. ಎಳೆದು ತಂದು, ಅದು ಮೊದಲಿದ್ದ ಜಾಗದಲ್ಲೇ ನಿಲ್ಲಿಸಿದರು. ವಾಲಿ ಬಿತ್ತು. ಮತ್ತೆ ನಿಲ್ಲಿಸಿ ಬುಡಕ್ಕೆ ಕಾಲಿನಿಂದ ಮಣ್ಣು ತಳ್ಳಿದರು. ಮತ್ತೆ ಬಿತ್ತು. ನಾನು ಓಡಿಹೋಗಿ ಇನ್ನೊಂದು ಕಡೆ ಹಿಡಿದುಕೊಂಡೆ.

“ಬಿಡ್ರಿ ಮಾವಾರ, ಮಳಿ ಆದ್ರ ತಾನ ಚಿಗೀತೈತಿ” ಎಂದೆ.

ಅವರು ತಲೆ ಎತ್ತಲಿಲ್ಲ. ಕಂಟಿಯ ಬುಡಕ್ಕೆ ಜೋತುಬಿದ್ದಿದ್ದ ಬೇರನ್ನು ಬೆರಳಿನಿಂದ ಮುಟ್ಟಿ ನೋಡುತ್ತ, ನನಗಷ್ಟೇ ಕೇಳುವಂತೆ ಅಂದರು:

“ಚಿಗಿಯಂಗಿಲ್ಲವಾ. ನಾ ಬುಡಸಮೇತ ಕಿತ್ತೀನಿ.”