ಮೊರದಿಂದ ಆರಿಸಿ ಒಗೆದ ಕಾಳು

ಇವತ್ತು ಅಂಗಳ ಗುಡಿಸಿ, ಜೋಳ ಬೀಸಿಸಿಕೊಂಡು ಬಂದು, ರೇಷನ್ ಅಕ್ಕಿ ಹಸನು ಮಾಡಲು ಕೂತಾಗ ಸವಣೂರಿನ ನೆರೆಮನೆಯ ಅಕ್ಕ ನೆನಪಾದರು.

"ಪುಕ್ಕಟೆ ಕೊಡೋದ್ರಾಗ ಏನರ ಇರ್ತೈತಿ" ಎನ್ನುತ್ತ ಅವರು ಆ ಅಕ್ಕಿಯೊಳಗಿನ ಮಂಕು ಬಿಳಿ ಕಾಳುಗಳನ್ನು ಪ್ಲಾಸ್ಟಿಕ್ ಎಂದು ಆರಿಸಿ ತಿಪ್ಪೆಗೆ ಒಗೆಯುತ್ತಿದ್ದರು. ಬಸುರಿ ಸೊಸೆಗೆ ರಕ್ತ ಕಡಿಮೆಯಿತ್ತು. ಅವಳನ್ನು ನೋಡಲು ಬಂದ ನರ್ಸ್ ಮೊರ ಕಂಡು ಹಣೆ ಬಡಿದುಕೊಂಡರು.

"ಯವ್ವಾ, ರಕ್ತ ಆಗ್ಲಿ ಅಂತ ಕಬ್ಬಿಣದಂಶ ಸೇರಿಸಿದ ಕಾಳು ಇವು!"

"ನನ್ನ ಸೊಸಿ ರಕ್ತದ ಚಿಂತಿ ಸರಕಾರಕ್ಕ ಯಾಕ? ಓಟು ಬೇಕಾಗಿರಬೇಕು."

"ಓಟು ಯಾರಿಗರ ಹಾಕ್ರಿ, ಅನ್ನ ಉಣಸ್ರಿ."

ಆ ಮಧ್ಯಾಹ್ನ ಅಕ್ಕ ಕಾಳು ಆರಿಸದೆ ಅನ್ನ ಮಾಡಿ, ಮೊದಲು ತಾವೇ ಉಂಡು, ತುಸು ಹೊತ್ತು ಕಾದು, ಆಮೇಲೆ ಸೊಸೆಗೆ ಬದನೆಕಾಯಿ ಪಲ್ಯದ ಜೊತೆ ಬಡಿಸಿದರು. ಉಂಡ ಸೊಸೆ ಮಲಗಿದಳು. ನಾನು ಇಣುಕಿದಾಗ ಅಕ್ಕ ಅವಳ ಮೂಗಿನ ಬಳಿ ಬೆರಳು ಹಿಡಿದು ಕೂತಿದ್ದರು.