ರಿವರ್ಸ್ ಸೆನ್ಸರ್ ಮತ್ತು ನನ್ನ ಭಾವ

ಅಕ್ಕನ ಗಂಡನನ್ನು, ಅಂದರೆ ನನ್ನ ಭಾವನನ್ನು, ಓಣಿಯವರೆಲ್ಲ ಕರೆಯುವುದು ‘ಹಿಂದಣ್ಣ’ ಎಂದು. ಮುಂದಕ್ಕೆ ಗಾಡಿ ಓಡಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ತಿರುಗಿಸಲು ಜಾಗವಿಲ್ಲದ ಓಣಿಯಲ್ಲಿ, ಎರಡೂ ಬದಿಯ ಗೋಡೆಗೆ ತಾಗದಂತೆ ಹಿಂದಕ್ಕೆ ಬಂದು, ಬಾಗಿಲಿಗೆ ಸರಿಯಾಗಿ ನಿಲ್ಲಿಸಬಲ್ಲವರು ಅವರೊಬ್ಬರೇ. ಲಾರಿ, ಶಾಲೆಯ ಬಸ್ಸು, ಬಾಡಿಗೆ ಕಾರು ಎಲ್ಲವನ್ನೂ ಓಡಿಸಿ, ಈಗ ವೃದ್ಧರಿಗೆ ವ್ಯಾಯಾಮ ಚಿಕಿತ್ಸೆ ಕೊಡುವ ಕೇಂದ್ರವೊಂದರ ವ್ಯಾನಿಗೆ ಚಾಲಕರು. ನಡೆಯಲು ಕಷ್ಟಪಡುವ ಹಿರಿಯರನ್ನು ಬೆಳಿಗ್ಗೆ ಕರೆತಂದು ಮಧ್ಯಾಹ್ನ ಮನೆ ಸೇರಿಸುವುದು ಅವರ ಕೆಲಸ. ವಯಸ್ಸು ಅರವತ್ತು ದಾಟಿದೆ. ಕೆಲಸ ಬಿಡುವ ಮಾತು ಅವರ ಬಾಯಿಂದ ಬಂದದ್ದಿಲ್ಲ. ಕುರ್ಚಿಯಲ್ಲಿ ಕುಳಿತಾಗಲೂ ಅವರ ಎಡಗೈ ಗೇರು ಹುಡುಕುತ್ತಿರುತ್ತದೆ ಎಂದು ಅಕ್ಕ ಆಡಿಕೊಳ್ಳುತ್ತಾಳೆ.

ಅವಳ ಇನ್ನೊಂದು ದೂರು ಭಾವನ ಕಿವಿಯ ಮೇಲೆ. “ಮೂರು ಸಲ ಕರೆದ್ರೂ ಓಗೊಡಲ್ಲ. ನೀನು ಬಾಗಿಲಲ್ಲಿ ನಿಂತು ಒಂದ್ಸಲ ‘ಭಾವ’ ಅಂದ್ರೆ ಸಾಕು, ಎದ್ದು ಬರ್ತಾರೆ. ಗಂಡಸರ ಮಾತು ಮಾತ್ರ ಕೇಳೋ ಕಿವಿ ಅದು.” ಭಾವ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಕೇಂದ್ರದ ಹಳೆಯ ಡೀಸೆಲ್ ವ್ಯಾನು ವಿಪರೀತ ಹೊಗೆ ಉಗುಳತೊಡಗಿದಾಗ ಬ್ಯಾಟರಿ ವ್ಯಾನು ಕೊಳ್ಳುವುದೆಂದು ತೀರ್ಮಾನವಾಯಿತು. ಮ್ಯಾನೇಜರ್ ಮೇಡಂ ಭಾವನನ್ನೂ ಶೋರೂಮಿಗೆ ಕರೆದೊಯ್ದರು. ಅಲ್ಲಿ ಎರಡು ಮಾದರಿಗಳಿದ್ದವು. ಒಂದರಲ್ಲಿ ಹಿಂಬದಿಯನ್ನು ತೋರಿಸುವ ಕ್ಯಾಮೆರಾ ಮತ್ತು ಪರದೆ ಇದ್ದವು. ಇನ್ನೊಂದರಲ್ಲಿ ಇದ್ದದ್ದು ಸೆನ್ಸರ್ ಮಾತ್ರ. ಹಿಂದಕ್ಕೆ ಬರುವಾಗ ಏನಾದರೂ ಅಡ್ಡವಾದರೆ ಪೀಂ ಪೀಂ ಎನ್ನುತ್ತದೆ, ಹತ್ತಿರವಾದಷ್ಟೂ ಅವಸರದಿಂದ ಕೂಗುತ್ತದೆ, ತೀರಾ ಹತ್ತಿರವಾದಾಗ ಎಡೆಬಿಡದೆ ಕೂಗುತ್ತದೆ.

“ಟೀವಿ ನೋಡ್ಕೊಂಡು ರಿವರ್ಸ್ ತಗೊಳ್ಳೋನು ಡ್ರೈವರ್ರಾ ಮೇಡಂ? ಸದ್ದು ಬರುತ್ತಲ್ಲ, ಸಾಕು. ಆ ದುಡ್ಡಲ್ಲಿ ದೊಡ್ಡ ಬ್ಯಾಟರಿದು ತಗೊಳ್ಳಿ,” ಎಂದರು ಭಾವ. ಮೇಡಂ ಹಾಗೆಯೇ ಮಾಡಿದರು. ಹಳೆಯ ವ್ಯಾನಿನ ಕಾಲದಲ್ಲಿ ರಿವರ್ಸ್ ತೆಗೆದುಕೊಳ್ಳುವಾಗ ಕೇಂದ್ರದ ಸಹಾಯಕಿ ಇಳಿದು ಹಿಂದೆ ನಿಂತು, ವ್ಯಾನಿನ ಮೈಯನ್ನು ಅಂಗೈಯಿಂದ ದಬದಬ ಬಡಿಯುತ್ತಿದ್ದಳು. ಸೆನ್ಸರ್ ಬಂದ ಮೇಲೆ ಆಕೆ ಹಿರಿಯರ ಜೊತೆ ಒಳಗೇ ಕೂರತೊಡಗಿದಳು.

ಸ್ವಲ್ಪ ದಿನಗಳಲ್ಲೇ ಭಾವ ಗೊಣಗಲಾರಂಭಿಸಿದರು. ಸೆನ್ಸರ್ ಬಾಯಿ ಮುಚ್ಚಿಕೊಂಡು ಕೂತಿದೆ, ಉಸಿರೇ ಬಿಡುವುದಿಲ್ಲ ಎಂಬುದು ಅವರ ದೂರು. ಸರ್ವಿಸ್ ಸೆಂಟರಿನವರು ಒಮ್ಮೆ ನೋಡಿ, ಎಲ್ಲ ಸರಿಯಿದೆ ಎಂದು ಕಳುಹಿಸಿದ್ದರು. ಎರಡನೆಯ ಸಲ ಹೋದಾಗ ನನಗೆ ರಜೆಯಿತ್ತು. ನಾನೂ ಪಕ್ಕದ ಸೀಟಿನಲ್ಲಿ ಕುಳಿತೆ.

ಮೆಕ್ಯಾನಿಕ್ ವ್ಯಾನಿನ ಹಿಂದೆ ನಿಂತು, “ರಿವರ್ಸ್ ಹಾಕಿ ಸಾರ್,” ಎಂದು ಕೂಗಿದ. ಭಾವ ಹಾಕಿದರು. ತೆಳ್ಳಗಿನ, ಚುಚ್ಚುವಂಥ ಸದ್ದು ಕೂಡಲೇ ಕೇಳಿಸಿತು. ಮೆಕ್ಯಾನಿಕ್ ಪಕ್ಕಕ್ಕೆ ಸರಿದ, ಸದ್ದು ನಿಂತಿತು. ಆತ ಕಿಟಕಿಯ ಬಳಿ ಬಂದು, “ಕೂಗ್ತಲ್ಲ ಸಾರ್?” ಎಂದ. ಭಾವ ಅವನ ಮುಖವನ್ನೇ ನೋಡಿದರು. ಆಮೇಲೆ ಇನ್ನೂ ಸದ್ದಿಗಾಗಿ ಕಾಯುತ್ತಿರುವವರಂತೆ ತಲೆ ವಾಲಿಸಿ, “ಹಾಂ, ಈಗ ಕೂಗ್ತಿದೆ ನೋಡು,” ಎಂದರು.

ಆಗ ವ್ಯಾನಿನೊಳಗೆ ಯಾವ ಸದ್ದೂ ಇರಲಿಲ್ಲ.

ವಾಪಸು ಬರುವ ದಾರಿಯುದ್ದಕ್ಕೂ ಭಾವ ಬ್ಯಾಟರಿ ಎಷ್ಟು ದೂರ ಬರುತ್ತದೆ, ಏರಿನಲ್ಲಿ ವ್ಯಾನು ಎಷ್ಟು ಚಾರ್ಜ್ ತಿನ್ನುತ್ತದೆ ಎಂದು ಮಾತಾಡುತ್ತಲೇ ಇದ್ದರು. ನಾನು ಹೂಂಗುಟ್ಟುತ್ತಿದ್ದೆ. ಅಕ್ಕನಿಗೆ ಹೇಳಿದರೆ ಅಂದೇ ಮನೆಯಲ್ಲಿ ರಂಪವಾಗುತ್ತದೆ. ಮೇಡಂಗೆ ಹೇಳಿದರೆ ಭಾವನ ಕೆಲಸ ಹೋಗುತ್ತದೆ. ಹೇಳದಿದ್ದರೆ, ಆ ವ್ಯಾನಿನ ಹಿಂದೆ ಓಡಾಡುವವರು ಬೇಗ ಪಕ್ಕಕ್ಕೆ ಸರಿಯಲಾರದ ಜನ. ಮರುದಿನವೂ ರಜೆ ಹಾಕಿದೆ. ಬ್ಯಾಂಕಿನ ಹತ್ತಿರ ಇಳಿಯಬೇಕೆಂದು ನೆಪ ಹೇಳಿ, ಬೆಳಿಗ್ಗೆ ಭಾವನ ಜೊತೆ ಹೊರಟೆ. ದಾರಿಯಲ್ಲಿ ಮಾತು ತೆಗೆಯಬೇಕೆಂಬುದು ನನ್ನ ಯೋಚನೆ; ಬಾಯಿಬಿಟ್ಟು ಕೇಳಿದ್ದು ಮಾತ್ರ ಟೈರುಗಳ ಬಗ್ಗೆ.

ಕೊನೆಯ ಮನೆಯಿದ್ದ ಓಣಿಯ ತುದಿ ಮುಚ್ಚಿಕೊಂಡಿತ್ತು, ರಿವರ್ಸ್‌ನಲ್ಲೇ ಒಳಗೆ ಹೋಗಬೇಕು. ಸಹಾಯಕಿ ಒಳಗೆ ಒಬ್ಬ ತಾತನಿಗೆ ಸೀಟ್ ಬೆಲ್ಟ್ ಬಿಗಿಯುತ್ತಿದ್ದಳು. ಭಾವ ಎಡಗನ್ನಡಿ, ಬಲಗನ್ನಡಿ ನೋಡಿ, ಆಡುತ್ತಿದ್ದ ಮಾತನ್ನೂ ನಿಲ್ಲಿಸದೆ ರಿವರ್ಸ್ ತೆಗೆದುಕೊಂಡರು. ಬ್ಯಾಟರಿ ವ್ಯಾನು ಸದ್ದಿಲ್ಲದೆ ಜಾರಿತು.

ಪೀಂ.

ಗೋಡೆಯಿರಬಹುದು, ಈಗ ಸ್ಟೀರಿಂಗ್ ತಿರುಗಿಸುತ್ತಾರೆ ಎಂದುಕೊಂಡೆ. ಸದ್ದು ಎರಡಾಯಿತು, ನಾಲ್ಕಾಯಿತು, ಒಂದರ ಮೇಲೊಂದು ಬೀಳತೊಡಗಿತು. ಭಾವ ಟೈರಿನ ಸವೆತದ ಬಗ್ಗೆ ಹೇಳುತ್ತಿದ್ದರು. ಸದ್ದುಗಳೆಲ್ಲ ಕೂಡಿಕೊಂಡು ಒಂದೇ ಗೆರೆಯಾದವು.

“ಭಾವ, ನಿಲ್ಲಿಸಿ.”

ವ್ಯಾನು ಕುಲುಕಿ ನಿಂತಿತು. ನಾನು ಇಳಿದು ಓಡಿದೆ. ದಿನವೂ ಮೆಟ್ಟಿಲ ಮೇಲೆ ಕಾಯುತ್ತಿದ್ದ ಅಜ್ಜಿ ಅಂದು ತಾವೇ ಓಣಿಗೆ ಇಳಿದು ಬಂದಿದ್ದರು. ಹಿಂಬದಿಯ ಗಾಜಿಗೆ ಎಟುಕದಷ್ಟು ಗಿಡ್ಡ ಅಜ್ಜಿ. ಅವರು ಹಿಡಿದು ನಡೆಯುವ ನಾಲ್ಕು ಕಾಲಿನ ಚೌಕಟ್ಟು ಬಂಪರಿಗೆ ತಾಗಿ ನಿಂತಿತ್ತು. ಅದರಾಚೆ ಅಜ್ಜಿ, ಎರಡೂ ಕೈಗಳಲ್ಲಿ ಅದನ್ನೇ ಬಿಗಿಯಾಗಿ ಹಿಡಿದುಕೊಂಡು.

ಭಾವನೂ ಇಳಿದು ಬಂದರು. ಅವರ ಮುಖದಲ್ಲಿ ರಕ್ತವಿರಲಿಲ್ಲ.

“ಏನಪ್ಪಾ,” ಎಂದರು ಅಜ್ಜಿ, ಉಸಿರು ಸರಿಮಾಡಿಕೊಂಡು. “ನನ್ನನ್ನ ಮೇಲಕ್ಕೆ ಕಳಿಸೋಕೆ ವ್ಯಾನೇ ಬೇಕಾಗಿತ್ತಾ? ನಾನೇ ಹೊರಡೋಳಿದ್ದೆ, ನಿಧಾನಕ್ಕೆ.”

“ತಪ್ಪಾಯ್ತು ಅಜ್ಜಿ.”

“ಮುಖ ನೋಡಿದ್ರೆ ನಿನ್ನನ್ನೇ ಒಳಗೆ ಮಲಗಿಸಬೇಕು. ಮೊದಲು ನನ್ನನ್ನ ಹತ್ತಿಸು.”

ಭಾವ ಅಜ್ಜಿಯನ್ನು ಹತ್ತಿಸಿದರು. ಕೇಂದ್ರ ತಲುಪಿದಾಗ ಸಹಾಯಕಿಯನ್ನು ಕೆಳಗಿಳಿಸಿ, ಅವಳು ವ್ಯಾನಿನ ಮೈ ಬಡಿದು ಹೇಳಿದಂತೆ ಹಿಂದಕ್ಕೆ ತಂದು ನಿಲ್ಲಿಸಿದರು. ಎಲ್ಲರನ್ನೂ ಕೇಂದ್ರದಲ್ಲಿ ಇಳಿಸಿದ ಮೇಲೆ ಖಾಲಿ ವ್ಯಾನಿನಲ್ಲಿ ನಾವಿಬ್ಬರೇ ಉಳಿದೆವು.

“ಆಗ ಅದು ಕೂಗ್ತಿತ್ತಾ?”

“ಹೂಂ.”

“ಜೋರಾಗಿ?”

“ಜೋರಾಗೇ, ಭಾವ.”

“ನಿನ್ನೆ ಮೆಕ್ಯಾನಿಕ್ ಹತ್ರ?”

“ನಿನ್ನೆನೂ ಕೂಗ್ತು.”

ಅವರು ಸ್ಟೀರಿಂಗನ್ನು ಅಂಗೈಯಿಂದ ಒರೆಸಿದರು. “ಲಾರಿ ಹಾರ್ನ್ ಕೇಳುತ್ತೆ ಕಣೋ. ಟೈರ್ ಸದ್ದು ಕೇಳುತ್ತೆ. ನೀನು ಮಾತಾಡಿದ್ದು ಕೇಳುತ್ತೆ.”

“ಅಕ್ಕ ತೆಳು ದನಿಯಲ್ಲಿ ಕರೆದದ್ದು?”

ಭಾವ ವ್ಯಾನಿನ ಕೀ ಕಿತ್ತು ಅಂಗೈಯಲ್ಲಿಟ್ಟುಕೊಂಡರು. “ಬೇಕಂತಲೇ ಕೇಳಿಸ್ಕೊಳ್ಳಲ್ಲ ಅಂತ ಅವಳು ತಿಳ್ಕೊಂಡಿದ್ದಾಳೆ. ತಿಳ್ಕೊಳ್ಳಲಿ ಅಂತ ಬಿಟ್ಟಿದ್ದೆ. ಕಿವುಡ ಅನ್ನಿಸ್ಕೊಳ್ಳೋದಕ್ಕಿಂತ ಹಟಮಾರಿ ಅನ್ನಿಸ್ಕೊಳ್ಳೋದು ಮೇಲು ಅಲ್ವಾ?”

ನಡೆದದ್ದನ್ನು ಅವರೇ ಹೋಗಿ ಮೇಡಂಗೆ ಹೇಳಿದರು. ಮೇಡಂ ಬಯ್ಯಲಿಲ್ಲ. “ಕಿವಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ. ಸರಿಯಿದೆ ಅಂದ್ರೆ ಕೀ ನಿಮ್ಮ ಹತ್ರಾನೇ ಇರಲಿ. ಇಲ್ಲಾಂದ್ರೆ ನಾನು ಬೇರೆಯವರನ್ನ ನೋಡಲೇಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ,” ಎಂದರು.

ಅಕ್ಕ ಮೊದಲು ಸಿಟ್ಟಾದಳು. “ಅಂದ್ರೆ ಇಷ್ಟು ದಿನ ನಾನು ಗೋಡೆ ಜೊತೆ ಜಗಳ ಆಡ್ತಿದ್ನಾ?” ಆಮೇಲೆ ಅವಳಿಗೆ ಹೆದರಿಕೆಯಾಯಿತು. ಪರೀಕ್ಷೆಗೆ ಹೋಗುವ ದಾರಿಯಲ್ಲಿ ಭಾವನ ಬಲಗಿವಿಯ ಹತ್ತಿರ ಬಾಗಿ, “ಬಟನ್ ಒತ್ತೋದು ತಾನೇ? ಕೇಳಿಸ್ತು ಅಂತ ಒತ್ತಿಬಿಡಿ. ಮನೇಲಿ ಕೂತ್ರೆ ನೀವು ಉಳಿಯಲ್ಲ,” ಎಂದಳು. ಭಾವನಿಗೆ ಅದು ಕೇಳಿಸಿತೋ ಇಲ್ಲವೋ, ನನಗೆ ತಿಳಿಯಲಿಲ್ಲ.

ಪರೀಕ್ಷೆಯ ಕೋಣೆ ಬೀರುವಿಗಿಂತ ತುಸು ದೊಡ್ಡದಷ್ಟೇ. ಗಾಜಿನ ಕಿಟಕಿಯ ಈಚೆ ಪರೀಕ್ಷೆ ಮಾಡುವ ಹುಡುಗಿ ಯಂತ್ರದ ಮುಂದೆ ಕುಳಿತಿದ್ದಳು. ಅವಳ ಬೆನ್ನ ಹಿಂದೆ ಬೆಂಚಿನ ಮೇಲೆ ನಾನು, ಅಕ್ಕ. ಆಚೆ ಭಾವ, ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಬಟನ್. ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕು. ಹುಡುಗಿ ಗುಂಡಿ ತಿರುಗಿಸುತ್ತಿದ್ದಂತೆ ಭಾವ ಒತ್ತುತ್ತ ಹೋದರು. ಯಂತ್ರದ ಮೇಲೆ ಹಸಿರು ದೀಪ ಮತ್ತೆ ಮತ್ತೆ ಮಿನುಗಿತು.

“ನೋಡು, ಎಲ್ಲಾ ಕೇಳಿಸ್ತಿದೆ,” ಎಂದು ಅಕ್ಕ ನನ್ನ ಕೈ ಹಿಚುಕಿದಳು.

ಭಾವನ ಕಣ್ಣು ಎಲ್ಲಿದೆಯೆಂದು ನಾನು ನೋಡುತ್ತಿದ್ದೆ. ಗುಂಡಿ ತಿರುಗಿಸುವಾಗ ಹುಡುಗಿಯ ಮಣಿಕಟ್ಟು ಅಲುಗುತ್ತಿತ್ತು. ಅದು ಅಲುಗಿದೊಡನೆ ಭಾವನ ಹೆಬ್ಬೆರಳು ಇಳಿಯುತ್ತಿತ್ತು. ಅವಳು ತಲೆಯಾಡಿಸಿ ಬರೆದುಕೊಳ್ಳುತ್ತಿದ್ದಳು. ಇನ್ನು ಸ್ವಲ್ಪ ಹೊತ್ತು ಹೀಗೆಯೇ ನಡೆದರೆ ಕೀ ಅವರ ಕೈಯಲ್ಲೇ ಉಳಿಯುತ್ತಿತ್ತು. ನಾನು ಬಾಯಿ ತೆರೆದೆ. ಅಕ್ಕನ ಮುಖ ಕಂಡು ಮುಚ್ಚಿದೆ.

ಅಷ್ಟರಲ್ಲಿ ಭಾವ ಕೈ ಎತ್ತಿದರು. ಹೆಡ್‌ಫೋನ್ ತೆಗೆದು, ಬಾಗಿಲು ತಳ್ಳಿ, “ತಡಿಯಮ್ಮ,” ಎಂದರು. “ನಿನ್ನ ಕೈ ನೋಡ್ಕೊಂಡು ಒತ್ತುತ್ತಿದ್ದೆ. ಮೊದಲಿಂದ ಮಾಡು.”

ಒಳಗೆ ಹೋಗಿ ಕುರ್ಚಿಯನ್ನು ಎತ್ತಿ ಗೋಡೆಯ ಕಡೆಗೆ ತಿರುಗಿಸಿದರು. ನಮಗೆ ಬೆನ್ನು ಹಾಕಿ ಕುಳಿತು, ಬಟನ್ ಹಿಡಿದ ಕೈಯನ್ನು ಕುರ್ಚಿಯ ತೋಳಿನ ಮೇಲೆ ನಮಗೆ ಕಾಣುವಂತೆ ಇಟ್ಟುಕೊಂಡರು.

ಹುಡುಗಿ ತೆಳು ಸದ್ದಿನ ಕಡೆಗೆ ಗುಂಡಿ ತಿರುಗಿಸಿದಳು. ಮತ್ತೆ ತಿರುಗಿಸಿದಳು. ಇನ್ನಷ್ಟು ತಿರುಗಿಸಿದಳು.

ಹೆಬ್ಬೆರಳು ಬಟನ್ ಮೇಲೆ ಇಟ್ಟಂತೆಯೇ ಇತ್ತು.