ಹಡಗು ನಿಲ್ಲಿಸಿದ ಹಸಿರು ಸೀರೆ

ಕಳೆದ ವರ್ಷ ದೀಪಾವಳಿ ಮುಗಿದ ಮೇಲಿನ ಮಾತು. ನಮ್ಮವ್ವನನ್ನು ಮೊದಲ ಸಲ ಹಡಗಿಗೆ ಕರೆದುಕೊಂಡು ಹೋಗಿದ್ದೆ. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತವೆ. ಆದರೂ ಹೇಳಿಬಿಡುತ್ತೇನೆ.

ನಮ್ಮದು ಹಾನಗಲ್. ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ನಮ್ಮೂರಿಗೂ ಸಮುದ್ರಕ್ಕೂ ಸಂಬಂಧವಿಲ್ಲ, ಆದರೆ ನನಗೆ ಹಡಗಿನ ಹುಚ್ಚು. ವಿಡಿಯೊ ನೋಡಿ ನೋಡಿ ಎಲ್ಲಾ ನಾನೇ ಕಲಿತದ್ದು. ಮುಂಬೈಯಿಂದಲೋ ಕೊಚ್ಚಿಯಿಂದಲೋ ಹೊರಡುವ ಎರಡು ಮೂರು ದಿನದ ಸಣ್ಣ ಪ್ರಯಾಣಗಳಿಗೆ ಬಿಡುವಾದಾಗಲೆಲ್ಲ ಹೋಗುತ್ತೇನೆ. ಹಾಸಿಗೆ ಹೇಗಿದೆ, ಊಟಕ್ಕೆ ಎಷ್ಟು ಉದ್ದ ಸಾಲು, ಕೋಣೆ ನೋಡಿಕೊಳ್ಳುವವರು ಕರೆದ ಕೂಡಲೇ ಬರುತ್ತಾರೋ ಇಲ್ಲವೋ, ಎಲ್ಲಾ ಮಾತಾಡಿ ವಿಡಿಯೊ ಹಾಕುತ್ತೇನೆ. ನೋಡುವವರು ಕಡಿಮೆ. ಆದರೆ ಹಾನಗಲ್ಲಿನಲ್ಲಿ ಹಡಗಿನ ವಿಷಯ ಬಂದರೆ ನನ್ನನ್ನೇ ಕೇಳುತ್ತಾರೆ, ಆ ಜಂಬ ಜೋರಿತ್ತು.

ಅವ್ವ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಮಾತು.

"ಹಡಗು ಸಮುದ್ರದ ನಟ್ಟನಡುವ ಹೊಕ್ಕೈತೇನೋ?"

"ಹೂಂ ಬೇ."

"ಹಂಗಾರ ಬರ್ತೇನಿ."

ಹಡಗಿನಲ್ಲಿ ಸೌಕರ್ಯಕ್ಕೇನೂ ಕಮ್ಮಿ ಇರಲಿಲ್ಲ. ಬಾಲ್ಕನಿ ಇದ್ದ ಕೋಣೆ. ಹಾಸಿಗೆಯ ಮೇಲೆ ಟವೆಲ್ಲನ್ನೇ ಮಡಚಿ ಆನೆ ಮಾಡಿ ಕೂರಿಸಿದ್ದರು. "ಇಷ್ಟು ಚಂದ ಮಾಡ್ಯಾರ, ಬಿಚ್ಚಾಕ ಮನಸ ಬರವಲ್ದು" ಅಂತ ಅವ್ವ ತನ್ನ ಹಳೇ ಪಂಜಿಯಲ್ಲೇ ಮೈ ಒರೆಸಿಕೊಂಡಳು. ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದವಳು ಮೇರಿ ಅಂತ, ಈಶಾನ್ಯದ ಕಡೆಯ ಹುಡುಗಿ. ಅವಳು ಬರುವಷ್ಟರಲ್ಲಿ ಅವ್ವ ಹಾಸಿಗೆ ಸರಿಮಾಡಿ, ನೆಲ ಒರೆಸಿ ಮುಗಿಸಿರುತ್ತಿದ್ದಳು.

"ಅವ್ವಾ, ಅದು ಆಕಿ ಕೆಲಸ ಬೇ."

"ಇರಲಿ ಬಿಡೋ. ನಾ ಖಾಲಿ ಕುಂತೇನಿ, ಪಾಪ ಆಕಿಗ್ಯಾಕ ತ್ರಾಸ?"

ಎರಡನೇ ದಿನ ಮಧ್ಯಾಹ್ನ ಅವ್ವನನ್ನು ಕೋಣೆಯಲ್ಲಿ ಬಿಟ್ಟು ನಾನು ಮೇಲಿನ ಡೆಕ್ಕಿಗೆ ಬಂದು ಕಟಾಂಜನಕ್ಕೆ ಒರಗಿ ವಿಡಿಯೊ ಮಾಡುತ್ತಿದ್ದೆ. "ಗೆಳೆಯರೇ, ಈ ಹಡಗಿನ ಸರ್ವಿಸ್ ಹೇಗಿದೆ ಅಂದರೆ" ಅನ್ನುವಷ್ಟರಲ್ಲಿ ಕೆಳಗೆ ನಮ್ಮ ಕೋಣೆಯ ಕಡೆಯಿಂದ ಏನೋ ಬಿತ್ತು. ಕೆಂಪು ಸೆರಗಿನ ಹಸಿರು ಇಳಕಲ್ ಸೀರೆ. ಗಾಳಿಗೆ ಅರಳಿ ನೀರಿನ ಮೇಲೆ ಹರಡಿಕೊಂಡಿತು. ಬೆಳಿಗ್ಗೆ ಅವ್ವ ಉಟ್ಟಿದ್ದು ಹಸಿರು ಇಳಕಲ್ ಸೀರೆ. ಇಡೀ ಹಡಗಿನಲ್ಲಿ ಇಳಕಲ್ ಸೀರೆ ಉಟ್ಟವಳು ಅವಳೊಬ್ಬಳೇ.

"ಅವ್ವಾ!" ಅಂತ ಚೀರಿದೆ. ಆಮೇಲೆ ವಿಡಿಯೊದಲ್ಲಿ ಕಲಿತದ್ದೆಲ್ಲ ತಾನಾಗಿ ಬಂತು. ಕಟಾಂಜನಕ್ಕೆ ಸಿಕ್ಕಿಸಿದ್ದ ಕಿತ್ತಳೆ ಬಣ್ಣದ ತೇಲುವ ಬಳೆಯನ್ನು ಕಿತ್ತು ಎಸೆದೆ. "ಆದ್ಮಿ ಗಿರ್ ಗಯಾ" ಅಂತ ಕೂಗಿದೆ. ನೀರಿನಲ್ಲಿ ಬಿದ್ದವರ ಮೇಲಿನ ಕಣ್ಣು ಕೀಳಬಾರದು, ಬೆರಳು ಇಳಿಸಬಾರದು ಅಂತ ಕಲಿತಿದ್ದೆ, ಹಾಗೇ ತೋರಿಸುತ್ತ ನಿಂತೆ. ಸೈರನ್ ಕೂಗಿತು. ಅಷ್ಟು ದೊಡ್ಡ ಹಡಗು ನಿಧಾನವಾಗಿ ವಾಲಿ ತಿರುಗತೊಡಗಿತು. ಜನ ಓಡಿ ಬಂದರು, ಸಣ್ಣ ದೋಣಿ ಇಳಿಸಿದರು.

ಬಿಳಿ ಸಮವಸ್ತ್ರದ ಅಧಿಕಾರಿಯೊಬ್ಬರು ನನ್ನ ಹೆಗಲು ಹಿಡಿದು, ತಾಯಿಯ ವಯಸ್ಸೆಷ್ಟು, ಈಜು ಬರುತ್ತದೆಯೇ ಅಂತ ಹಿಂದಿಯಲ್ಲಿ ಕೇಳುತ್ತಿದ್ದರು. ನಾನು ಅಳುತ್ತ ಉತ್ತರ ಕೊಡುತ್ತಿದ್ದೆ. ಆಗ ಹಿಂದಿನಿಂದ ಯಾರೋ ನನ್ನ ಅಂಗಿ ಜಗ್ಗಿದರು.

"ಯಾರೋ ಬಿದ್ದಾರಂತಲ್ಲೋ? ಯಾರಪ್ಪಾ, ಪಾಪ?"

ಅವ್ವ! ಹಸಿರು ಸೀರೆಯಲ್ಲೇ ನಿಂತು, ಕತ್ತು ಚಾಚಿ ಸಮುದ್ರ ನೋಡುತ್ತಿದ್ದಳು.

ನನ್ನ ಬೆರಳು ಇನ್ನೂ ನೀರಿನ ಕಡೆಗೇ ಇತ್ತು. ಅಧಿಕಾರಿ ಅವ್ವನನ್ನು ನೋಡಿದರು, ನನ್ನನ್ನು ನೋಡಿದರು. "ಇವರು ಯಾರು?" ಅಂದರು. "ನನ್ನ ತಾಯಿ" ಅಂದೆ. ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು.

"ಅದು ಯಾರ ಸೀರಿ ಬೇ?"

"ಗಂಗವ್ವಂದು! ಉಡಿ ತುಂಬಿದ್ನಿ."

ನಮ್ಮ ಕಡೆ ನೀರೆಲ್ಲ ಗಂಗವ್ವನೇ, ವರದಾ ನದಿ ದಾಟುವಾಗಲೂ ಹೆಂಗಸರು ಅರಿಶಿನ ಕುಂಕುಮ ಬಿಡುತ್ತಾರೆ. ಶಿಗ್ಗಾಂವಿಗೆ ಕೊಟ್ಟ ನಮ್ಮಕ್ಕ ಬಹಳ ವರ್ಷಕ್ಕೆ ಬಸುರಿಯಾಗಿದ್ದಳು, ಸೀಮಂತದ ಕುಬಸ ಇನ್ನೂ ಆಗಬೇಕಿತ್ತು. ಹೆರಿಗೆ ಸುಸೂತ್ರ ಆಗಲಿ ಅಂತ ಅವ್ವ ಹೊಸ ಸೀರೆಯ ತುದಿಯಲ್ಲಿ ಅಕ್ಕಿ, ಅಡಿಕೆ, ಉತ್ತತ್ತಿ ಕಟ್ಟಿ ಸಮುದ್ರಕ್ಕೇ ಉಡಿ ಕೊಟ್ಟಿದ್ದಳು. ಹಡಗು ಹತ್ತಿದ್ದೇ ಅದಕ್ಕೆ.

"ನನಗ ಹೇಳಬಾರದನ?"

"ಹೇಳಿದ್ರ ಬ್ಯಾಡ ಅಂತಿದ್ದಿ."

ಅಷ್ಟರಲ್ಲಿ ದೋಣಿಯವರು ಸೀರೆಯನ್ನು ಕೊಕ್ಕೆಯಿಂದ ಎತ್ತಿ ಹಡಗಿನ ಕೆಳಗಿನ ಬಾಗಿಲಿಗೆ ತಂದಿದ್ದರು, ಅದು ಅವ್ವನಿಗೆ ಕಾಣಲಿಲ್ಲ. ಸಮುದ್ರಕ್ಕೆ ಏನೂ ಎಸೆಯಬಾರದು ಅಂತ ಅಧಿಕಾರಿ ಅವ್ವನಿಗೆ ಕೈ ಮುಗಿದೇ ಹೇಳಿದರು. ನನಗೆ, "ಕೂಗಿದ್ದು ಒಳ್ಳೆಯದೇ ಆಯಿತು" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಹಡಗೆಲ್ಲಾ ನಾನು "ಹರೀ ಸಾಡಿವಾಲಾ", ಹಸಿರು ಸೀರೆಯವನು, ಆಗಿಬಿಟ್ಟಿದ್ದೆ. ರಾತ್ರಿ ಊಟಕ್ಕೂ ಹೋಗಲಿಲ್ಲ, ಅವ್ವ ತಂದಿದ್ದ ರೊಟ್ಟಿ, ಶೇಂಗಾ ಚಟ್ನಿಯೇ ಗತಿ.

ಮರುದಿನ ಬೆಳಿಗ್ಗೆ ಮೇರಿ ಬಾಗಿಲು ಬಡಿದಳು. ಸೀರೆಯನ್ನು ತೊಳೆದು, ಇಸ್ತ್ರಿ ಮಾಡಿ, ಹ್ಯಾಂಗರಿಗೆ ಹಾಕಿ ತಂದಿದ್ದಳು. ಅಂಥ ಸರ್ವಿಸ್ ನಾನು ಯಾವ ಹಡಗಿನಲ್ಲೂ ಕಂಡಿರಲಿಲ್ಲ. ಅವ್ವನ ಮುಖ ಮಾತ್ರ ಬಿಳಿಚಿಕೊಂಡಿತು.

"ಕೊಟ್ಟ ಉಡಿ ತಿರುಗಿ ಬರಬಾರದೋ" ಅಂತ ಹಾಸಿಗೆಯ ಅಂಚಿಗೆ ಕುಸಿದು ಕುಳಿತಳು.

ಕಲೆ ಏನಾದರೂ ಉಳಿಯಿತೇ ಅಂತ ಮೇರಿ ಗಾಬರಿಯಾಗಿ ಸೀರೆ ತಿರುಗಿಸಿ ನೋಡಿದಳು. ನಾನು ತೊದಲುತ್ತ ಹಿಂದಿಯಲ್ಲಿ ಅಕ್ಕನ ವಿಷಯ ಹೇಳಿದೆ. ಅವ್ವ ಬಹಳ ಹೊತ್ತು ಸೀರೆಯನ್ನೇ ನೋಡಿದಳು. ಆಮೇಲೆ ಎದ್ದು ನಿಂತು, ತಲೆಯ ಮೇಲೆ ಸೆರಗು ಹೊದ್ದು, ಉಡಿ ಒಡ್ಡಿದಳು.

"ಇದರಾಗ ಹಾಕು ಅಂತ ಹೇಳೋ ಆಕೀಗೆ. ಗಂಗವ್ವ ತಾನ ಮಗಳಿಗೆ ಸೀರಿ ಕಳಿಸ್ಯಾಳ. ಕುಬಸಕ್ಕ ಇದನ್ನ ಉಡಸ್ತೇನಿ."

ಮೇರಿ ಎರಡೂ ಕೈಯಿಂದ ಸೀರೆ ಇಟ್ಟಳು. ಅವ್ವ ಕಣ್ಣಲ್ಲೇ ತೋರಿಸಿದ್ದಕ್ಕೆ ಮೇಜಿನ ಮೇಲಿದ್ದ ಸೇಬನ್ನೂ ಇಟ್ಟಳು. ಹೊರಗೆ ಹೋಗುತ್ತಿದ್ದವರು ನಿಂತು ನೋಡುತ್ತಿದ್ದರು. ನಾನು ಬಾಗಿಲು ಮುಚ್ಚಲು ಹೋದೆ.

"ಯಾಕ ಮುಚ್ಚತಿ? ಕಳವು ಮಾಡೇವೇನು?" ಅಂದಳು ಅವ್ವ.

ತಿರುಗಿ ಊರಿಗೆ ಬರುವಾಗ ಅವಳದು ಒಂದೇ ಮಾತು. "ನಮ್ಮ ಹಾನಗಲ್ ಬಸ್ಸು ಕೈ ಮಾಡಿದ್ರೂ ನಿಂದ್ರಂಗಿಲ್ಲ. ಅಂಥಾ ಹಡಗು ಒಂದು ಸೀರಿಗೆ ನಿಂತಿತಲ್ಲೋ!"

"ಸೀರಿಗಲ್ಲ ಬೇ. ನೀ ಬಿದ್ದಿ ಅಂತ ನಿಂತಿದ್ದು."

ಅವ್ವ ಚೀಲದಿಂದ ಉಳಿದ ರೊಟ್ಟಿ ತೆಗೆದು ನನ್ನ ಕೈಗಿಟ್ಟಳು.

ಆ ಸೀರೆ ಉಟ್ಟೇ ಅಕ್ಕ ಕುಬಸ ಮಾಡಿಸಿಕೊಂಡಳು. ಈಗ ಅವಳ ಮಗಳು ಅಂಬೆಗಾಲಿಡುತ್ತಾಳೆ. ನಾನು ಮತ್ತೆ ಹಡಗಿಗೆ ಹೋದೆ, ಆದರೆ ಡೆಕ್ಕಿನ ಮೇಲೆ ನಿಂತು ಜೋರಾಗಿ ಮಾತಾಡುವ ಧೈರ್ಯ ಇನ್ನೂ ಬಂದಿಲ್ಲ. ಆವತ್ತು ಫೋನು ಕೈಯಲ್ಲೇ ಇತ್ತು, ಎಲ್ಲಾ ರೆಕಾರ್ಡ್ ಆಗಿದೆ. ಯಾರಿಗೂ ತೋರಿಸಿಲ್ಲ, ನಾಚಿಕೆ. ಅಳಿಸಿಯೂ ಇಲ್ಲ. ಅದರಲ್ಲಿ ಕಾಣುವುದು ಬರೀ ನೆಲ, ನನ್ನ ನಡುಗುವ ಕಾಲು. ನಾನು ಬಿಕ್ಕುತ್ತ ಅವ್ವಾ, ಅವ್ವಾ ಅನ್ನುತ್ತಲೇ ಇದ್ದೇನೆ. ಕಡೆಗೆ ಹಿಂದಿನಿಂದ ಅವಳ ದನಿ ಬರುತ್ತದೆ. ಅಷ್ಟು ಕೇಳಿಸಿಕೊಂಡು ಫೋನು ಜೇಬಿಗಿಡುತ್ತೇನೆ.